ಕಾರಣ ಏನೂ ಇಲ್ಲ

"ಅಳಬೇಡ ಪುಟ್ಟಿ," ಅಂದರು ಅಪ್ಪ, ಅಡುಗೆಮನೆ ಬಾಗಿಲಲ್ಲಿ ನಿಂತು.

"ಅಳ್ತಿಲ್ಲ ಅಪ್ಪ. ಈರುಳ್ಳಿ ಹೆಚ್ತಿದೀನಿ."

ಅಪ್ಪನಿಗೆ ನಂಬಿಕೆ ಬರಲಿಲ್ಲ. ಅವರ ಕೈಯಲ್ಲಿ ವೈದ್ಯಕೀಯ ಕಾಲೇಜಿನ ಪತ್ರವಿತ್ತು. ಮೂರು ವರ್ಷದಲ್ಲಿ ಇದು ಮೂರನೆಯದು, ಒಕ್ಕಣೆಯೂ ಹೆಚ್ಚುಕಡಿಮೆ ಅದೇ: ನಿಮ್ಮ ಆಸಕ್ತಿಗೆ ಧನ್ಯವಾದ, ಪದವೀಧರರಿಗಿಟ್ಟ ಸೀಟಿಗೆ ನಿಮ್ಮ ಪದವಿಯ ಅಂಕಗಳು ಸಾಲದು, ಮುಂದಿನ ಬದುಕಿಗೆ ಶುಭವಾಗಲಿ. ಮೂವತ್ತಾರು ವರ್ಷ ಬಸ್ಸು ಓಡಿಸಿ ನಿವೃತ್ತರಾದ ಮನುಷ್ಯ ಆ ಹಾಳೆಯನ್ನು ತಿರುಗಿಸಿ, ಹಿಂಬದಿಯಲ್ಲಾದರೂ ಬೇರೆ ಏನಾದರೂ ಬರೆದಿದೆಯೇನೋ ಎಂದು ನೋಡಿದರು.

ಅವಳಿಗೆ ಇಪ್ಪತ್ತೇಳು. ದೊಡ್ಡಾಸ್ಪತ್ರೆಯ ಲ್ಯಾಬಿನಲ್ಲಿ ಪರೀಕ್ಷೆಗೆ ರಕ್ತ ತೆಗೆಯುವ ಕೆಲಸ. ನರ ಸಿಗದ ಮುದುಕರನ್ನೂ, ಸೂಜಿ ಕಂಡರೆ ಸೂರು ಹಾರಿಹೋಗುವಂತೆ ಕಿರುಚುವ ಮಕ್ಕಳನ್ನೂ ಅವಳ ಕುರ್ಚಿಗೇ ಕಳಿಸುತ್ತಿದ್ದರು. "ನೋಯಿಸದ ಮೇಡಂ ಬಂದಿದಾರಾ?" ಎಂದು ಕೇಳಿಕೊಂಡೇ ಕೆಲವರು ಸಾಲಿಗೆ ನಿಲ್ಲುತ್ತಿದ್ದರು. ಆದರೆ ಕಾಲೇಜಿನವರು ಕೈ ನೋಡುವುದಿಲ್ಲ, ಅಂಕಪಟ್ಟಿ ನೋಡುತ್ತಾರೆ. ಅದರಲ್ಲಿ ಪದವಿಯ ಮೊದಲ ಎರಡು ವರ್ಷದ ರಸಾಯನಶಾಸ್ತ್ರ, ಜುಟ್ಟು ಹಿಡಿದು ಎಳೆದು ದಡ ಹತ್ತಿಸಿದ ಹಾಗೆ, ಅಂತೂ ಇಂತೂ ಪಾಸಾಗಿತ್ತು.

ಭಾನುವಾರ ಅಕ್ಕ, ಭಾವ ಬಂದರು. ಭಾವನಿಗೆ ಗೊತ್ತಿಲ್ಲದವರು ಊರಲ್ಲಿಲ್ಲ. ಅವರನ್ನು ಬಲ್ಲವರು ಮಾತ್ರ ಸ್ವಲ್ಪ ಕಡಿಮೆ. ಸಮುದ್ರದಾಚೆಯ ಯಾವುದೋ ಕಾಲೇಜಿನ ಬಣ್ಣದ ಹಾಳೆಯೊಂದನ್ನು ಮೇಜಿನ ಮೇಲೆ ಹರಡಿದರು.

"ಇಲ್ಲಿ ಅಂಕ ಗಿಂಕ ಕೇಳಲ್ಲ. ಅರ್ಜಿ ಹಾಕಿದವರೆಲ್ಲ ಒಳಗೆ."

"ಒಳಗೆ ಹೋದವರಲ್ಲಿ ಎಷ್ಟು ಜನ ಡಾಕ್ಟರಾಗಿ ಹೊರಗೆ ಬಂದ್ರು ಭಾವ?"

ಭಾವ ಹಾಳೆಯ ಎರಡೂ ಬದಿ ಹುಡುಕಿದರು. "ಅದನ್ನ ಇದರಲ್ಲಿ ಹಾಕಿಲ್ಲ," ಅಂದರು.

ಅಕ್ಕನದು ಬೇರೆ ಹಾದಿ. ಲ್ಯಾಬಿನ ಮುಖ್ಯಸ್ಥೆ ಈ ವರ್ಷ ಕೆಲಸ ಬಿಡುತ್ತಾಳೆ, ಆ ಜಾಗ ತಂಗಿಗೇ ಅಂತ ಎಲ್ಲರೂ ಹೇಳುತ್ತಿದ್ದಾರೆ. "ಯಾಕೆ ಗೋಡೆಗೆ ತಲೆ ಚಚ್ಕೋತೀಯ? ಹಾಸಿಗೆ ಇದ್ದಷ್ಟು ಕಾಲು ಚಾಚು."

"ಹಾಸಿಗೆ ಸಾಲದಿದ್ರೆ ನೆಲದ ಮೇಲೆ ಚಾಚ್ತೀನಿ."

"ನೋಡಿ ಅಪ್ಪ, ಮಾತಿಗೇನೂ ಬರ ಇಲ್ಲ ಇವಳಿಗೆ!"

ಕೊನೆಗೆ ಭಾವನೇ ಇನ್ನೊಬ್ಬರ ಹೆಸರು ಹೇಳಿದರು. ಬಿದ್ದ ಅರ್ಜಿಗಳನ್ನು ಎತ್ತಿ ನಿಲ್ಲಿಸುವುದೇ ಆತನ ಕಸುಬಂತೆ. ಒಂದು ಸಲ ಕೇಳಿ ನೋಡೋಣ, ಕೇಳಿದರೆ ಬಾಯಿ ಸವೆಯುತ್ತದೆಯೇ ಎಂದು ಅಪ್ಪ ಹಟ ಹಿಡಿದರು. ಬುಧವಾರ ಅಪ್ಪ, ಮಗಳು ಇಬ್ಬರೂ ಹೋದರು.

ಸಲಹೆಗಾರ ಒಳ್ಳೆಯ ಮನುಷ್ಯನ ಹಾಗೇ ಕಂಡ. ಅಂಕಪಟ್ಟಿಯ ಮೇಲೆ ಪೆನ್ಸಿಲ್ ಆಡಿಸುತ್ತ ಕೇಳಿದ: "ಮೊದಲೆರಡು ವರ್ಷ ನೆಲ ಕಚ್ಚಿದೆ. ಮೂರನೇ ವರ್ಷದಿಂದ ಚೆನ್ನಾಗಿದೆ. ಮನೇಲಿ ಏನಾದ್ರೂ ತೊಂದರೆ?"

"ಇವಳ ತಾಯಿ ಹೋಗಿಬಿಟ್ಲು," ಅಂದರು ಅಪ್ಪ. "ಕಿಡ್ನಿ ಕೈಕೊಡ್ತು."

"ಯಾವಾಗ?"

"ನಾಲ್ಕನೇ ವರ್ಷದ ಪರೀಕ್ಷೆ ಮುಗಿದ ಮೇಲೆ. ಹಾಸಿಗೆ ಹಿಡಿದಿದ್ದು ಮೂರನೇ ವರ್ಷದಲ್ಲಿ."

ಸಲಹೆಗಾರನ ಕಣ್ಣು ಅರಳಿತು. ಅರಳಿದ್ದಕ್ಕೆ ತಾನೇ ನಾಚಿಕೊಂಡು ದನಿ ತಗ್ಗಿಸಿದ. "ನೋಡಿ, ಕಾಯಿಲೆ ಎರಡು ವರ್ಷ ಮೊದಲೇ ಶುರುವಾಯ್ತು ಅಂತ ಬರೆಯೋಣ. ಅಮ್ಮನ್ನ ನೋಡ್ಕೊಳ್ತಾ ಓದು ಹಿಂದೆ ಬಿತ್ತು. ಅಮ್ಮ ಹೋದ ಮೇಲೆ ಡಾಕ್ಟರಾಗೋ ಛಲ ಬಂತು. ಓದಿದವರ ಕಣ್ಣಲ್ಲಿ ನೀರು ಬರುತ್ತೆ. ತಾರೀಕು ಯಾರೂ ನೋಡಲ್ಲ."

ಅಪ್ಪ ಮೊಣಕಾಲಿನ ಮೇಲೆ ಎರಡೂ ಕೈ ಊರಿ ಕೂತಿದ್ದರು.

"ಬರೆಸು ಪುಟ್ಟಿ," ಅಂದರು ಮೆಲ್ಲಗೆ. "ಅವಳಿದ್ದಿದ್ರೂ ಬೇಡ ಅಂತಿರಲಿಲ್ಲ."

ಆ ಮಾತು ಅವಳ ಎದೆಗೇ ನಾಟಿತು. ಅಮ್ಮ ಬೇಡ ಅನ್ನುತ್ತಿರಲಿಲ್ಲ, ನಿಜ. ಮಗಳಿಗಾಗಿ ಅಮ್ಮ ಎಂಥ ಸುಳ್ಳಿಗೂ ತಲೆಯಾಡಿಸುತ್ತಿದ್ದಳು.

"ಮೊದಲೆರಡು ವರ್ಷ ಅಮ್ಮ ಗುಂಡುಕಲ್ಲಿನ ಹಾಗಿದ್ಳು," ಅವಳು ಸಲಹೆಗಾರನಿಗೆ ಹೇಳಿದಳು. "ಬೆಳಿಗ್ಗೆ ಐದಕ್ಕೆ ನನ್ನನ್ನ ಎಬ್ಬಿಸಿ, ಕಾಫಿ ಕೊಟ್ಟು, ಓದು ಅಂತ ಕೂರಿಸ್ತಿದ್ಳು. ಅವಳು ಆ ಕಡೆ ಹೋದ ತಕ್ಷಣ ನಾನು ಪುಸ್ತಕದ ಮೇಲೇ ತಲೆ ಇಟ್ಟು ಮಲಗ್ತಿದ್ದೆ. ಆಮೇಲೆ ಡಯಾಲಿಸಿಸ್ ಶುರುವಾಯ್ತು. ವಾರಕ್ಕೆ ಮೂರು ದಿನ, ಒಂದೊಂದು ಸಲಕ್ಕೆ ನಾಲ್ಕು ಗಂಟೆ ಯಂತ್ರದ ಪಕ್ಕ ಕೂತಿರ್ತಿದ್ವಿ. 'ಏ, ನನ್ನ ರಕ್ತ ಈ ಕೊಳವೇಲಿ ಎಲ್ಲಿಗೆ ಹೋಗಿ ಬರುತ್ತೆ?' ಅಂತ ಕೇಳೋಳು. ನನಗೆ ಗೊತ್ತಿರಲಿಲ್ಲ. ಓದಿ ಹೇಳ್ತಿದ್ದೆ. ಮುಂದಿನ ಸಲ ಇನ್ನೊಂದು ಕೇಳೋಳು. ನನಗೆ ಓದು ಹತ್ತಿದ್ದೇ ಆಗ. ಅಮ್ಮನ ಕಾಯಿಲೆಯಿಂದ ಬಂದ ಅಂಕ ಇವು, ಈ ಕೆಳಗಿನವು. ಮೇಲಿನವು ನನ್ನ ಸೋಮಾರಿತನದ್ದು. ಅದನ್ನ ಅವಳ ತಲೆಗೆ ಕಟ್ಟಲ್ಲ."

"ಹಾಗೆ ಬರೆದ್ರೆ ಯಾರೂ ತಗೊಳ್ಳಲ್ಲ," ಅಂದ ಸಲಹೆಗಾರ.

"ಬರೆಯದೇ ಇದ್ದಾಗ ಮಾತ್ರ ಯಾರು ತಗೊಂಡ್ರು?"

ಅಪ್ಪ ಎದ್ದರು. ಕುರ್ಚಿಯನ್ನು ಸದ್ದಾಗದಂತೆ ಮೇಜಿನ ಕೆಳಗೆ ತಳ್ಳಿದರು. "ಏಳು, ಹೋಗೋಣ," ಅಂದರು. ಮನೆಯ ಬೀಗ ತೆಗೆಯುವಾಗ, "ನನ್ನನ್ನೂ ಕೇಳ್ತಿದ್ಳು, ಆ ಕೊಳವೆ ವಿಷಯ. ನಾನು 'ಸುಮ್ನೆ ಮಲಗು' ಅಂತಿದ್ದೆ," ಅಂದರು.

ಲ್ಯಾಬಿನ ಮುಖ್ಯಸ್ಥೆಯ ಜಾಗ ಬೇಡವೆಂದು ಅವಳು ಬರೆದುಕೊಟ್ಟಳು. ಅಕ್ಕ ಎರಡು ತಿಂಗಳು ಫೋನ್ ಮಾಡಲಿಲ್ಲ. ಇವಳು ಕೆಲಸ ಮುಗಿಸಿ ಸಂಜೆ ಕಾಲೇಜಿಗೆ ಹೋಗಿ, ಅದೇ ರಸಾಯನಶಾಸ್ತ್ರದ ಪತ್ರಿಕೆಗಳಿಗೆ ಮತ್ತೆ ಕಟ್ಟಿದಳು. ಈ ಸಲ ತರಗತಿಗೇ ಎರಡನೆಯವಳಾದಳು; ಮೊದಲನೆಯವನ ಮೇಲೆ ಒಂದು ವಾರ ಸಿಟ್ಟೂ ಮಾಡಿಕೊಂಡಿದ್ದಳು. ಅರ್ಜಿಯಲ್ಲಿ ಕಡಿಮೆ ಅಂಕಕ್ಕೆ ಕಾರಣ ಬರೆಯುವ ಜಾಗದಲ್ಲಿ ಎರಡೇ ಸಾಲು: "ಕಾರಣ ಏನೂ ಇಲ್ಲ. ಓದಲಿಲ್ಲ. ಈಗ ಓದಿದ್ದೇನೆ, ಪಟ್ಟಿ ಲಗತ್ತಿಸಿದೆ."

ಐದು ಕಾಲೇಜುಗಳಿಗೆ ಹಾಕಿದಳು. ನಾಲ್ಕು ಶುಭ ಹಾರೈಸಿದವು. ಐದನೆಯದು, ಎಲ್ಲಕ್ಕಿಂತ ಚಿಕ್ಕದು, ಸಂದರ್ಶನಕ್ಕೆ ಕರೆಯಿತು.

ಮೂವರು ಕೂತಿದ್ದರು. ನಡುವಿನ ಹಿರಿಯ ಡಾಕ್ಟರಮ್ಮ ಅರ್ಜಿಯನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದರು. "ಇಲ್ಲಿಗೆ ಬರೋ ಅರ್ಜಿಯಲ್ಲೆಲ್ಲ ಅಜ್ಜಿಯರು ಸಾಯ್ತಿರ್ತಾರೆ. ನಿಮ್ಮದ್ರಲ್ಲಿ ಒಬ್ಬರೂ ಇಲ್ಲ."

"ಅಮ್ಮ ಸತ್ತಿದಾಳೆ. ಅಂಕಕ್ಕೂ ಅದಕ್ಕೂ ಸಂಬಂಧ ಇಲ್ಲ."

"ಸೀಟು ಕೊಡಲ್ಲ ಅಂದ್ರೆ?"

"ಮುಂದಿನ ವರ್ಷ ಬರ್ತೀನಿ. ಆಗ ನೀವು ನಿವೃತ್ತಿ ಆಗಿದ್ರೆ, ಆ ಕುರ್ಚೀಲಿ ಕೂತವರಿಗೆ ಇದನ್ನೇ ಹೇಳ್ತೀನಿ."

ಪಕ್ಕದಲ್ಲಿದ್ದವರು ಕೆಮ್ಮಿದರು. ಡಾಕ್ಟರಮ್ಮ ನಗಲಿಲ್ಲ. ಏನೋ ಗೀಚಿಕೊಂಡು, "ಮುಂದಿನವರನ್ನ ಕಳಿಸಿ," ಅಂದರು ಅಷ್ಟೇ.

ಅವಳ ಹೆಸರು ಕಾಯುವವರ ಪಟ್ಟಿಯಲ್ಲಿ ಏಳನೆಯದಾಗಿ ಬಂತು. ಒಬ್ಬೊಬ್ಬರಾಗಿ ಬೇರೆ ಕಡೆ ಹೋದಂತೆ ಏಳು ಐದಾಯಿತು, ಐದು ಎರಡಾಯಿತು. ತರಗತಿ ಶುರುವಾಗಿ ನಾಲ್ಕನೇ ದಿನ ಕಾಲೇಜಿನಿಂದ ಫೋನ್ ಬಂತು. ನಾಳೆಯೇ ಬರಬೇಕಂತೆ. ತಾನೇ ಮಾತಾಡಿ ಕೊಡಿಸಿದ್ದೆಂದು ಭಾವ ಸಂಜೆಯೊಳಗೆ ಊರಿಗೆಲ್ಲ ಹೇಳಿ ಮುಗಿಸಿದರು.

ಮರುದಿನ ಅವಳು ಬಾಗಿಲು ತಳ್ಳಿದಾಗ ತರಗತಿ ತುಂಬಿತ್ತು. ಎದ್ದು ನಿಲ್ಲಬೇಕೋ ಬೇಡವೋ ಎಂದು ಮುಂದಿನ ಸಾಲಿನ ಮಕ್ಕಳು ಅರ್ಧ ಎದ್ದರು. ಬೆಂಚಿನ ತುದಿಯಲ್ಲಿದ್ದ, ಹದಿನೆಂಟು ದಾಟಿರದ ಹುಡುಗಿಯೊಬ್ಬಳು ಮೆಲ್ಲಗೆ ಕೇಳಿದಳು:

"ಮೇಡಂ, ಈ ಪೀರಿಯಡ್ ನಿಮ್ಮದಾ?"

"ಹೂಂ, ನಂದೂನೂ," ಅಂದಳು ಅವಳು. "ಸ್ವಲ್ಪ ಸರಿಯಮ್ಮ."

ಹುಡುಗಿ ಗಲಿಬಿಲಿಯಾಗಿ ಬೆಂಚಿನ ಮೇಲಿದ್ದ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಚೀಲವಿದ್ದ ಜಾಗ ಕಿಟಕಿಯ ಬಿಸಿಲಿಗೆ ಬೆಚ್ಚಗಾಗಿತ್ತು.