ಮೋಹಿನಿಯ ತಂಗಿಯ ಲಿವರ್

ಆರು ವರ್ಷದ ಹಿಂದೆ ದೇಜಪ್ಪ ಮೀನು ಹಿಡಿಯಲು ಕಡಲಿಗೆ ಹೋದ ದೋಣಿಯೂ ಬರಲಿಲ್ಲ, ದೇಜಪ್ಪನೂ ಬರಲಿಲ್ಲ. ಹೆಂಡತಿ ಮೋಹಿನಿ ವಿಧವಾ ವೇತನ ಕೇಳಲು ಹೋದರೆ ಕಚೇರಿಯಲ್ಲಿ ಮರಣಪತ್ರ ಕೇಳಿದರು. ಹೆಣ ಸಿಗದವನಿಗೆ ಮರಣಪತ್ರ ಇಲ್ಲವಂತೆ, ಏಳು ವರ್ಷ ಕಾಯಬೇಕಂತೆ. ಹೊಟ್ಟೆ ಏಳು ದಿನವೂ ಕಾಯುವುದಿಲ್ಲ ಎಂದು ಕಾನೂನು ಬರೆದವರಿಗೆ ಯಾರೂ ಹೇಳಿರಲಿಲ್ಲ. ಕೊನೆಗೆ ಒಬ್ಬ ದಲ್ಲಾಳಿ ದಾರಿ ತೋರಿಸಿದ: “ಕಾಗದದಲ್ಲಿ ಗಂಡ ಸಾಯುವುದು ಕಷ್ಟ ಅಕ್ಕ, ನೀವು ಮುದುಕಿಯಾಗುವುದು ಸುಲಭ.” ನಲವತ್ತೊಂಬತ್ತರ ಮೋಹಿನಿ ಒಂದೇ ಮಧ್ಯಾಹ್ನದಲ್ಲಿ ಅರವತ್ತಾದಳು. ವೃದ್ಧಾಪ್ಯ ವೇತನ ಬರತೊಡಗಿತು. ಈಗ ಅವಳ ಆಧಾರ್ ಕಾರ್ಡಿಗೆ ಅರವತ್ತಾರು, ಅವಳಿಗೆ ಐವತ್ತೈದು.

ಕಾಪುವಿನ ಆರೋಗ್ಯ ಶಿಬಿರದಲ್ಲಿ ಕಳೆದ ವಾರ ರಕ್ತ ತೆಗೆದಿದ್ದರು. ಫಾರಂ ತುಂಬಿಸುತ್ತಿದ್ದ ಎಳೆಯ ಡಾಕ್ಟರ್ ಅವಳು ಮಾರಲು ಹೊತ್ತಿದ್ದ ಮೀನಿನ ಬುಟ್ಟಿ ಕಂಡದ್ದೇ, “ಕುಡಿತ ಉಂಟಾ?” ಎಂದಿದ್ದ.

“ಉಂಟು. ಬೆಳಿಗ್ಗೆ ಒಂದು, ಸಂಜೆ ಒಂದು. ಚಹಾ.”

ಅವಳ ಹಿಂದಿದ್ದ ಕಾರ್ಕಳದ ರಬ್ಬರ್ ತೋಟದ ಧನಿಗಳಿಗೆ ಆ ಪ್ರಶ್ನೆ ಬರಲಿಲ್ಲ. ಉತ್ತರ ಮಾತ್ರ ಅವರ ಉಸಿರಿನಲ್ಲೇ ಬರುತ್ತಿತ್ತು.

ಇವತ್ತು ಫಲಿತಾಂಶ. ಮೇಜಿನ ಹಿಂದೆ ನರ್ಸ್ ಸಿಂಥಿಯಾ, ವಾರಕ್ಕೆರಡು ಸಲ ಮೋಹಿನಿಯಿಂದಲೇ ಬಂಗುಡೆ ಮೀನು ಕೊಳ್ಳುವವಳು.

“ನಿಮಗೆ ಹನ್ನೆರಡು ವರ್ಷದಿಂದ ಶುಗರ್ ಉಂಟಲ್ವಾ ಅಕ್ಕ, ಅದಕ್ಕೆ ಲಿವರ್ ನೋಡಿದ್ದು. ಕುಡಿಯದವರ ಲಿವರಿನಲ್ಲೂ ಕೊಬ್ಬು ತುಂಬಿ ಗಾಯದ ಕಲೆ ಕಟ್ತದೆ. ಫಿಬ್-ಫೋರ್ ಅಂತ ಒಂದು ಲೆಕ್ಕ. ರಕ್ತದ ಮೂರು ಅಂಶ, ಮತ್ತೆ ಪ್ರಾಯ. ನಿಮ್ಮದು ಒಂದು ಪಾಯಿಂಟ್ ಒಂಬತ್ತು. ಅರವತ್ತೈದು ದಾಟಿದವರಿಗೆ ಎರಡರವರೆಗೆ ಹೆದರಿಕೆ ಇಲ್ಲ. ಹೋಗಿ ಬನ್ನಿ.”

ಮೋಹಿನಿ ಏಳಲಿಲ್ಲ. “ದಾಟದವರಿಗೆ?”

“ಒಂದು ಪಾಯಿಂಟ್ ಮೂರು.”

ಮೂವತ್ತು ವರ್ಷ ತಕ್ಕಡಿ ಹಿಡಿದವಳಿಗೆ ಕೂಡಲೇ ಹೊಳೆಯಿತು. ತಕ್ಕಡಿ ಸರಿ ಉಂಟು, ತೂಕದ ಕಲ್ಲು ಸುಳ್ಳು.

“ಇದೇ ರಕ್ತ ಐವತ್ತೈದರವಳಿಗಾದರೆ ಎಷ್ಟಾಗ್ತದೆ ಸಿಸ್ಟರ್?”

“ಯಾರಿಗೆ?”

“ನನ್ನ ತಂಗಿಗೆ.”

“ತಂಗಿಯ ರಕ್ತ ಬೇರೆ ಅಲ್ವಾ?”

“ಅಲ್ಲ, ನನ್ನದೇ. ನಾವು ತುಂಬಾ ಹತ್ತಿರ.”

ಸಿಂಥಿಯಾ ಅವಳ ಮುಖವನ್ನೊಮ್ಮೆ, ಕಾರ್ಡನ್ನೊಮ್ಮೆ ನೋಡಿ ಮೊಬೈಲಿನಲ್ಲಿ ಒತ್ತಿದಳು. “ಒಂದು ಪಾಯಿಂಟ್ ಆರು. ಒಂದು ಪಾಯಿಂಟ್ ಮೂರು ದಾಟಿತು.”

“ಎಂತ ಲೆಕ್ಕ ಮಾರಾಯ್ರೆ ಇದು. ಮುದುಕಿಯಾದರೆ ಆರೋಗ್ಯ, ಪ್ರಾಯ ಇಳಿದರೆ ರೋಗವಾ?”

“ರೋಗ ಅಂತ ಅಲ್ಲ. ಇಲ್ಲ ಅಂತಲೂ ಹೇಳಲಿಕ್ಕಾಗುವುದಿಲ್ಲ. ನಿಮ್ಮ ತಂಗಿ ಮಣಿಪಾಲಕ್ಕೆ ಹೋಗಿ ಸ್ಕ್ಯಾನ್ ಮಾಡಿಸಬೇಕು. ಸೂಜಿ ಇಲ್ಲ, ಪಕ್ಕೆಗೆ ಸ್ವಲ್ಪ ಟಕ್ ಅಂತ ಹೊಡೀತದೆ, ಅಷ್ಟೇ. ಅವರ ಆಧಾರ್ ತರಲಿ.”

ಮೋಹಿನಿ ಸೆರಗಿನ ತುದಿ ಹಿಂಡಿದಳು. ಬಾಯಿ ಮುಚ್ಚಿದರೆ ವೇತನ ಉಳಿಯುತ್ತದೆ. ಲಿವರೇ ಹಾಳಾದರೆ ವೇತನದಲ್ಲಿ ಅಕ್ಕಿ ತಂದು ಯಾರಿಗೆ?

“ಅವಳು ಕಾರ್ಡಿಗೆ ಬಂದರೆ ನಾನು ಉಪವಾಸ ಬೀಳ್ತೇನೆ ಸಿಸ್ಟರ್,” ಎಂದಳು ಮೆಲ್ಲಗೆ. “ದೇಜಪ್ಪ ಸಾಯಲಿಕ್ಕೆ ಇನ್ನೂ ಒಂದು ವರ್ಷ ಉಂಟು.”

ಸಿಂಥಿಯಾ ಕಂಪ್ಯೂಟರನ್ನು ಬದಿಗೆ ತಿರುಗಿಸಿ, ಬಿಳಿ ಹಾಳೆಯಲ್ಲಿ ಮಣಿಪಾಲದ ಡಾಕ್ಟರಿಗೆ ಕೈಯಲ್ಲೇ ಚೀಟಿ ಬರೆದಳು: ರೋಗಿಯ ನಿಜವಾದ ಪ್ರಾಯ ಐವತ್ತೈದು, ಅದರಂತೆ ಲೆಕ್ಕ ಹಾಕಿ ಸ್ಕ್ಯಾನ್ ಮಾಡಿ.

“ಸರ್ಕಾರದ ಕಂಪ್ಯೂಟರಿಗೆ ಕೈಬರಹದ ಚೀಟಿ ಓದಲಿಕ್ಕೆ ಬರುವುದಿಲ್ಲ. ನಾಳೆಯೇ ಹೋಗಿ. ಹೋಗದಿದ್ದರೆ ನಾನು ನಿಮ್ಮ ಹತ್ತಿರ ಮೀನು ತೆಗೊಳ್ಳುವುದಿಲ್ಲ.”

ಮರುದಿನ ಮಣಿಪಾಲದ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾಲೇಜು ಹುಡುಗಿಯೊಬ್ಬಳು ಎದ್ದು, “ಅಜ್ಜಿ, ಕೂತುಕೊಳ್ಳಿ” ಎಂದಳು.

ಅಜ್ಜಿಯಾ? ಮೋಹಿನಿಗೆ ಮೈಯೆಲ್ಲ ಉರಿಯಿತು. ಆದರೆ ಮಣಿಪಾಲ ದೂರ. ಅಲ್ಲಿ ಇಳಿದ ಮೇಲೆ ಐವತ್ತೈದಾದರೆ ಸಾಕೆಂದು ಅರವತ್ತಾರರವಳ ಹಾಗೆ ಸೊಂಟ ಹಿಡಿದುಕೊಂಡು ಕೂತಳು.