ಶಿವಪುತ್ರಪ್ಪ ಮಾಸ್ತರರ ಕಿವಿ

ಶಿವಪುತ್ರಪ್ಪ ಮಾಸ್ತರರು ಪಾಠ ಹೇಳುವಾಗ ಮಕ್ಕಳಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದರು. ಅಂಧೇರಿಯಲ್ಲಿ ನಮ್ಮ ಬಿಲ್ಡಿಂಗಿನ ಹಿಂದಿರುವ ಹಳೆಯ ಸಭಾಗೃಹದಲ್ಲಿ ಟೇಕ್ವಾಂಡೋ ಕಲಿಯಲು ಬಂದ ಮಕ್ಕಳು ಜೋಡಿಜೋಡಿಯಾಗಿ ನಿಂತು, ಒಬ್ಬರು ಹಿಡಿದ ಪ್ಯಾಡಿಗೆ ಇನ್ನೊಬ್ಬರು ಕಾಲೆತ್ತಿ ಒದೆಯುತ್ತಿದ್ದರೆ, ಈ ಮನುಷ್ಯ ಸುಣ್ಣ ಉದುರಿದ ಗೋಡೆಗೆ ಮುಖ ಕೊಟ್ಟು, ಕೈಗಳನ್ನು ಹಿಂದೆ ಕಟ್ಟಿ, ತಲೆಯನ್ನು ತುಸುವೇ ಓರೆ ಮಾಡಿ, ಮಂಗಳಾರತಿಯ ಹೊತ್ತಿಗೆ ಗರ್ಭಗುಡಿಯ ಮುಂದೆ ನಿಂತವರಂತೆ ಕಣ್ಣು ಮುಚ್ಚಿರುತ್ತಿದ್ದರು. ಮೊಮ್ಮಗಳು ಹರಿಣಿಯನ್ನು ಮೊದಲ ಸಲ ಅಲ್ಲಿಗೆ ಕರೆದೊಯ್ದಾಗ, ಮಕ್ಕಳ ಮುಖವನ್ನೂ ನೋಡದ ಇದೆಂಥ ಕಲಿಸುವಿಕೆ ಎಂದು ನನಗೆ ಸಿಟ್ಟೇ ಬಂದಿತ್ತು. ಅಷ್ಟರಲ್ಲಿ ಗೋಡೆಯ ಕಡೆಯಿಂದಲೇ ಮಾತು ಬಂತು.

"ಸಂತೂ, ನಿಂತ ಕಾಲು ತಿರುವಿಲ್ಲ ನೀ. ಆವಾಜ ಎಲ್ಲೈತಿ?"

ಸಂತು ಎಂಬ ದಪ್ಪ ಹುಡುಗ ನಾಲಿಗೆ ಕಚ್ಚಿಕೊಂಡು ತನ್ನ ಪಾದ ನೋಡಿಕೊಂಡ, ಅದು ತಿರುಗಿರಲಿಲ್ಲ.

'ಆವಾಜ ಎಲ್ಲೈತಿ' ಎಂಬುದು ಅವರ ಮಂತ್ರ. ಮಕ್ಕಳು ನಮಸ್ಕಾರ ಮಾಡಿದರೂ ಅದೇ, ರಜೆ ಕೇಳಿದರೂ ಅದೇ. ಚಹಾ ಅಂಗಡಿಯವ ಗಾಜಿನ ಲೋಟವನ್ನು ಮೆಲ್ಲಗೆ ಇಟ್ಟರೆ ಅವನಿಗೂ ಅದೇ. ಸರಿಯಾಗಿ ತಿರುಗಿದ ಸೊಂಟ, ಸರಿಯಾಗಿ ಮಡಚಿ ಬಿಚ್ಚಿದ ಮೊಣಕಾಲು, ಸರಿಯಾದ ಜಾಗಕ್ಕೆ ತಾಗಿದ ಪಾದ, ಇವು ಮೂರೂ ಕೂಡಿದರೆ ಪ್ಯಾಡಿನಿಂದ ಒಂದು ಸದ್ದು ಬರುತ್ತದೆ, ಒಣಗಿದ ತೆಂಗಿನ ಮಡಲು ಸಿಮೆಂಟಿನ ಅಂಗಳಕ್ಕೆ ಬಿದ್ದಂತೆ. ಅದು ಬಂದರೆ ನೋಡುವ ಅಗತ್ಯವೇ ಇಲ್ಲ, ಬಾರದಿದ್ದರೆ ನೋಡಿ ಫಲವಿಲ್ಲ ಎಂಬುದು ಅವರ ಸಿದ್ಧಾಂತ. ಬಾಗಿಲ ಬಳಿಯ ಬೆಂಚಿನ ಮೇಲೆ ವರ್ಷಗಟ್ಟಲೆ ಕುಳಿತು ಕುಳಿತು, ಕಾಲೆತ್ತುವುದು ಹಾಗಿರಲಿ ಮೆಟ್ಟಿಲು ಹತ್ತಲೂ ಆಗದ ನನಗೂ ಆ ಸದ್ದಿನ ಗುರುತು ಹತ್ತಿಬಿಟ್ಟಿತ್ತು.

ಅವರ ನಡಿಗೆಯೂ ವಿಲಕ್ಷಣವೇ. ಎದುರಾಳಿಯ ಮುಂದೆ ನಿಂತವರಂತೆ ಎಡಭುಜ ಮುಂದೆ, ಬಲಭುಜ ಹಿಂದೆ. ದೇಹವೆಲ್ಲ ಒಂದು ಪಾರ್ಶ್ವವಾಗಿ, ಬಾಗಿಲ ಸಂದಿನಿಂದ ನುಸುಳುವವರ ಹಾಗೆ ನಡೆಯುತ್ತಿದ್ದರು. ಅಂಧೇರಿ ಸ್ಟೇಷನ್ನಿನ ಸೇತುವೆಯ ಮೇಲೆ, ಜನರೆಲ್ಲ ಎದೆಯೊಡ್ಡಿ ನುಗ್ಗುವ ಆ ಪ್ರವಾಹದಲ್ಲಿ, ಇವರೊಬ್ಬರೇ ಏಡಿಯಂತೆ ಓರೆಯಾಗಿ ಹೋಗಿ ಎಲ್ಲರಿಗಿಂತ ಮೊದಲು ಕೆಳಗಿಳಿದಿರುತ್ತಿದ್ದರು. ಪರೇಲಿನ ಆಸ್ಪತ್ರೆಯೊಂದರ ಗೋದಾಮಿನಲ್ಲಿ ಅವರಿಗೆ ನೌಕರಿ. ಅಲ್ಲಿಂದ ಲೋಕಲ್ ರೈಲು ಹಿಡಿದು ಸಂಜೆ ನೇರ ಸಭಾಗೃಹಕ್ಕೇ ಬರುತ್ತಿದ್ದರು.

ಆ ಪರೇಲಿನಲ್ಲೇ ಅವರು ಬೆಳೆದದ್ದು. ಬೆಳಗಾವಿ ಕಡೆಯಿಂದ ಬಂದ ತಂದೆ ಬಟ್ಟೆಗಿರಣಿಯಲ್ಲಿ ಮಗ್ಗ ನಡೆಸುತ್ತಿದ್ದರಂತೆ. ಮಗ್ಗಗಳ ಗದ್ದಲವೇ ಅವರ ಕಿವಿಗಳನ್ನು ತಿಂದುಹಾಕಿತ್ತು. ಸಾಲುಕೋಣೆಗಳ ಚಾಳಿನ ಗೋಡೆಗೆ ಹತ್ತಿಯ ಮೂಟೆಯೊಂದನ್ನು ಕಟ್ಟಿ ಹುಡುಗ ಶಿವಪುತ್ರಪ್ಪ ಒದೆಯುತ್ತಿದ್ದರೆ, ಆಚೆಯ ಕೋಣೆಯಲ್ಲಿ ಆ ಕಿವುಡ ತಂದೆ ಗೋಡೆಗೆ ಅಂಗೈ ಊರಿ ಕೂರುತ್ತಿದ್ದರು. "ನಮ್ಮಪ್ಪಗ ಗುಡುಗೂ ಕೇಳ್ತಿರಲಿಲ್ರಿ ಅಕ್ಕಾರ," ಎಂದು ಒಮ್ಮೆ ಹೇಳಿದ್ದರು, "ಆದ್ರ ಒದಿ ಛಲೋ ಬಿತ್ತಂದ್ರ ಅಲ್ಲಿಂದನ 'ಬಂತ್ ನೋಡ' ಅಂತಿದ್ದ." ಗಿರಣಿ ಹೋಯಿತು, ಚಾಳು ಹೋಯಿತು, ತಂದೆಯೂ ಹೋದರು, ಆ ಅಂಗೈ ಮಾತ್ರ ಮಗನ ಬೆನ್ನಿನ ಮೇಲೆ ಉಳಿದುಬಿಟ್ಟಿತು ಎಂದು ನನಗೆ ಅನಿಸುತ್ತಿತ್ತು.

ಇನ್ನು ಅವರ ಕೋಟು. ಪ್ರಾಯದಲ್ಲಿ ರಾಜ್ಯ ತಂಡದಲ್ಲಿ ಆಡಿದಾಗ ಹೊಲಿಸಿದ ಕುಂಕುಮಗೆಂಪು ಬಣ್ಣದ ಕೋಟು, ಜೇಬಿನ ಮೇಲೆ ದಾರ ಬಿಟ್ಟ ಲಾಂಛನ. ಸ್ಪರ್ಧೆಯ ಅಂಗಣದ ಬದಿಗೆ ತರಬೇತುದಾರನಿಗೆಂದು ಇಡುವ ಕುರ್ಚಿಯಲ್ಲಿ ಅದಿಲ್ಲದೆ ಅವರು ಕುಳಿತದ್ದಿಲ್ಲ. ಮೇ ತಿಂಗಳ ಸೆಕೆಯಲ್ಲೂ ಗುಂಡಿ ಬಿಚ್ಚಿದ್ದಿಲ್ಲ. ಹುಡುಗರು ಅದನ್ನು, ಮದುವೆ ಮೆರವಣಿಗೆಯ ವಾದ್ಯದವರದೆಂಬಂತೆ, ಬ್ಯಾಂಡ್‌ವಾಲಾ ಕೋಟ್ ಎಂದು ಕರೆಯುತ್ತಿದ್ದರು.

"ಸರ್, ಆಜ್ ಕಿಸ್ಕೀ ಶಾದಿ ಹೈ?" ಎಂದು ಸಂತು ಒಮ್ಮೆ ಕಿಚಾಯಿಸಿದ.

"ನಿಂದ ಮೆರವಣಗಿ ಐತಿ ಇವತ್ತ," ಎಂದರು ಮಾಸ್ತರರು ಅವನ ಕಡೆ ತಿರುಗದೆಯೇ. "ಒದಸ್ಕೊಂಡ ಬಿದ್ದಿ ಅಂದ್ರ ಬಾಜಾ ನಾನ ಬಾರಸ್ತೀನಿ."

ಈ ಆಟಕ್ಕೆ ಯಂತ್ರ ಬಂದದ್ದು ಅವರ ಕಣ್ಣೆದುರಿಗೇ. ಹಿಂದೆಲ್ಲ ಅಂಗಣದ ಮೂಲೆಗಳಲ್ಲಿ ಕುಳಿತ ತೀರ್ಪುಗಾರರು, ಎದೆಗವಚದ ಮೇಲೆ ಒದೆತ ಬಿದ್ದ ಪರಿಯನ್ನು ಕಂಡು, ಸದ್ದನ್ನು ಕೇಳಿ, ಕೈಯಲ್ಲಿದ್ದ ಗುಂಡಿ ಒತ್ತಿ ಅಂಕ ಕೊಡುತ್ತಿದ್ದರು. ಈಗ ಎದೆಗವಚದೊಳಗೂ ಕಾಲುಚೀಲದೊಳಗೂ ತಂತಿ. ಚೀಲದ ನಿಯತ ಜಾಗ ಕವಚಕ್ಕೆ ತಕ್ಕಷ್ಟು ಒತ್ತಿದರೆ ಫಲಕದ ಮೇಲೆ ಅಂಕ ತಾನಾಗಿ ಮೂಡುತ್ತದೆ. ಚೀಲದಲ್ಲಿ ತಂತಿಯಿಲ್ಲದ ಕಡೆ, ಅಂದರೆ ಪಾದದ ಅಂಚೋ ಕಣಕಾಲೋ ತಾಗಿದರೆ, ಎದುರಾಳಿ ಮಾರು ದೂರ ಹಾರಿಬಿದ್ದರೂ ಫಲಕ ಸುಮ್ಮನಿರುತ್ತದೆ. ಹೀಗಾಗಿ ಮಕ್ಕಳು ಮುಂಗಾಲನ್ನು ಗಾಳಿಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕಾಲಲ್ಲಿ ಕುಂಟುತ್ತ, ಕೊಕ್ಕರೆಗಳ ಹಾಗೆ ಪರಸ್ಪರ ಕುಟುಕುವುದನ್ನು ಕಲಿತರು. ಅದರಲ್ಲೂ ಚುರುಕು ಬೇಕು, ಬುದ್ಧಿ ಬೇಕು. ಆದರೆ ಸದ್ದು ಬರುವುದಿಲ್ಲ.

"ಇದ ಒದಿಯೂದಲ್ರಿ," ಎನ್ನುತ್ತಿದ್ದರು ಮಾಸ್ತರರು. "ಕಾಲಿಲೆ ಶೇಕ್‌ಹ್ಯಾಂಡ್ ಮಾಡಾಕತ್ತಾವ."

ಹಾಗೆಂದು ಅವರು ಹೊಸದನ್ನು ಕಲಿಯದ ಮೊಂಡರೆಂದು ಯಾರಾದರೂ ಹೇಳಿದರೆ ಒಪ್ಪಲಾರೆ. ಲೋಕಲ್ಲಿನಲ್ಲಿ ನಿಂತೇ ಮೊಬೈಲಿನಲ್ಲಿ ಹೊರದೇಶದ ಪಂದ್ಯಗಳನ್ನು ನೋಡುತ್ತಿದ್ದರು. ನಿಯಮ ಬದಲಾದಾಗಲೆಲ್ಲ ಮಕ್ಕಳಿಗಿಂತ ಮೊದಲು ಅವರಿಗೆ ಗೊತ್ತಿರುತ್ತಿತ್ತು. ಕೊಕ್ಕರೆಯ ಆಟವನ್ನೂ ಕಲಿಸುತ್ತಿದ್ದರು, ಹರಳೆಣ್ಣೆ ಕುಡಿದವರ ಮುಖ ಮಾಡಿಕೊಂಡು. ಆ ಹೊತ್ತಿನಲ್ಲಿ ಮಾತ್ರ ಅವರು ಮಕ್ಕಳ ಕಡೆ ತಿರುಗಿ ನಿಲ್ಲುತ್ತಿದ್ದರು, ಕೇಳುವುದಕ್ಕೆ ಏನೂ ಇರುತ್ತಿರಲಿಲ್ಲವಲ್ಲ. ಮಕ್ಕಳು ಕಡುಜಾಣರು, ಗುರುವಿಗೆ ಯಾವುದರಲ್ಲಿ ಪ್ರೀತಿ, ಯಾವುದು ಬರೀ ಕರ್ತವ್ಯ ಎಂಬುದು ಅವಕ್ಕೆ ಕ್ಷಣದಲ್ಲಿ ತಿಳಿಯುತ್ತದೆ.

ಇದೇ ಸಭಾಗೃಹದಲ್ಲಿ ಇವರ ಬೆನ್ನ ಹಿಂದೆಯೇ ಒದ್ದು ಬೆಳೆದ ಅನಿಲ ಎಂಬವನು ವಿಲೆ ಪಾರ್ಲೆಯಲ್ಲಿ ಗಾಜಿನ ಗೋಡೆಯ, ತಣ್ಣನೆಯ ಗಾಳಿಯ ತರಬೇತಿ ಕೇಂದ್ರ ತೆರೆದಿದ್ದ. ಅಲ್ಲಿ ದಿನದ ಅಭ್ಯಾಸಕ್ಕೂ ತಂತಿಯ ಕವಚವೇ. ನಮ್ಮ ಬೆಂಚಿನ ತಾಯಂದಿರು ಒಬ್ಬೊಬ್ಬರಾಗಿ ಎದ್ದು ಆ ಕಡೆ ನಡೆದರು. ಸಂತುವೂ ಹೋದ. ಗೆಲ್ಲಬಲ್ಲವಳೆಂದು ಉಳಿದವಳು ಹರಿಣಿಯೊಬ್ಬಳೇ. ಈ ಸಲ ಆಯ್ಕೆಯಲ್ಲಿ ಗೆದ್ದು ರಾಜ್ಯ ಸ್ಪರ್ಧೆಗೆ ಹೋಗುವ ತಂಡ ಸೇರಿದರೆ ಸರಿ, ಇಲ್ಲವಾದರೆ ಅನಿಲನ ಬಳಿ ಬಿಡುವುದೆಂದು ನನ್ನ ಸೊಸೆ ಮಾಸ್ತರರ ಮುಖದ ಮೇಲೆಯೇ ಹೇಳಿಬಿಟ್ಟಿದ್ದಳು. ಹುಡುಗಿಗೂ ವಯಸ್ಸಿನ ವಿಭಾಗ ದಾಟುತ್ತಿತ್ತು. ಮುಂದಿನ ವರ್ಷ ತನಗಿಂತ ದೊಡ್ಡವರೆದುರು ಮೊದಲಿನಿಂದ ಶುರು ಮಾಡಬೇಕಿತ್ತು.

ಆಯ್ಕೆಯ ದಿನ ಅಂತಿಮ ಪಂದ್ಯಕ್ಕೆ ಹರಿಣಿಯ ಎದುರು ಬಂದವಳು ಅನಿಲನ ಶಿಷ್ಯೆ. ಒಂದು ಕುರ್ಚಿಯಲ್ಲಿ ನೀಲಿ ಟೀ ಶರ್ಟಿನ ಅನಿಲ. ಎದುರಿನ ಕುರ್ಚಿಯಲ್ಲಿ ಕೆಂಪು ಕೋಟಿನ ಮಾಸ್ತರರು, ಪಂದ್ಯದ ಕಡೆ ಕೂಡ ಓರೆಯಾಗಿ, ಎಡಗಿವಿಯನ್ನು ಅಂಗಣಕ್ಕೆ ಒಪ್ಪಿಸಿದವರಂತೆ. ತರಬೇತುದಾರರಿಗೆ ತಲಾ ಒಂದು ಕಾರ್ಡು ಕೊಟ್ಟಿರುತ್ತಾರೆ. ತೀರ್ಪು ತಪ್ಪೆನಿಸಿದರೆ ಅದನ್ನು ಎತ್ತಿ ಹಿಡಿಯಬೇಕು, ವಿಡಿಯೋ ನೋಡುತ್ತಾರೆ. ಮನವಿ ನಿಲ್ಲದಿದ್ದರೆ ಕಾರ್ಡು ಹೋಯಿತು, ಮತ್ತೆ ಕೇಳುವಂತಿಲ್ಲ. ತಲೆಗೆ ತಾಗಿದ್ದನ್ನು ತೀರ್ಪುಗಾರರು ಇನ್ನೂ ಕಣ್ಣಿಂದಲೇ ನೋಡಿ ಗುಂಡಿ ಒತ್ತಬೇಕಾದ್ದರಿಂದ ಅದಕ್ಕೆ ಕಾರ್ಡು ಎತ್ತಬಹುದು. ಎದೆಯ ಮೇಲಿನ ಒದೆತಕ್ಕೆ ಎತ್ತುವಂತಿಲ್ಲ. ಅಲ್ಲಿ ಯಂತ್ರ ಹೇಳಿದ್ದೇ ಕೊನೆಯ ಮಾತು. ಇದನ್ನು ಪಂದ್ಯಕ್ಕೆ ಮುಂಚೆ ನನಗೆ ಬಿಡಿಸಿ ಹೇಳಿದವರು ಮಾಸ್ತರರೇ.

ಮೊದಲ ಸುತ್ತು ಹರಿಣಿಯದು, ಎರಡನೆಯದು ಆ ಹುಡುಗಿಯದು. ಮೂರನೆಯದರಲ್ಲಿ ಇಬ್ಬರೂ ಕಾಲೆತ್ತಿ ಕುಟುಕಾಡುತ್ತ, ಅಂಕಗಳು ಹತ್ತಿರ ಹತ್ತಿರವೇ ಸಾಗುತ್ತಿದ್ದಾಗ, ಆ ಹುಡುಗಿ ಮುನ್ನುಗ್ಗಿದಳು. ಹರಿಣಿ ಗಿರ್ರನೆ ಬೆನ್ನು ತಿರುಗಿಸಿ ಹಿಂಗಾಲನ್ನು ನೀಡಿ ಒದ್ದಳು. ಆ ಸದ್ದು! ಬೇರೆ ಅಂಗಣಗಳಲ್ಲಿ ಆಡುತ್ತಿದ್ದವರೂ ಒಮ್ಮೆ ತಿರುಗಿ ನೋಡಿದರು. ಎದುರಾಳಿ ಕುಳಿತುಬಿಟ್ಟಳು. ಮಾಸ್ತರರ ಕಣ್ಣು ಮುಚ್ಚಿತ್ತು. ಮುಖದ ಮೇಲೆ ಎಂದೂ ಕಾಣದ ನಗುವೊಂದು ಮೂಡಿತ್ತು. ಕಣ್ಣು ತೆರೆದು ನೋಡಿದರೆ ಫಲಕದ ಅಂಕಿ ಅಲುಗಿಯೇ ಇರಲಿಲ್ಲ. ಕಾಲುಚೀಲದ ತಂತಿಯಿಲ್ಲದ ಅಂಚು ತಾಗಿತ್ತು.

ಅವರು ಎದ್ದು ನಿಂತರು. ಕೋಟಿನ ತುದಿ ಎಳೆದು ಸರಿಪಡಿಸಿಕೊಂಡರು. ಕಾರ್ಡು ಎತ್ತಿದರು.

ಎದುರಿನ ಕುರ್ಚಿಯಿಂದ ಅನಿಲ ಅರ್ಧ ಎದ್ದ. ಗೆಲುವು ಅವನ ಕಡೆ ಬರುವುದಿತ್ತು, ಆದರೂ ಗಾಬರಿಯಿಂದ ಕೂಗಿದ, "ಸರ್, ಬ್ಯಾಡ್ರಿ! ಛಾತಿಗೆ ಕಾರ್ಡ್ ಚಲ್ತಾ ನಹೀಂ. ಸರ್, ಪ್ಲೀಸ್, ಇಳಸ್ರಿ!"

"ಗೊತ್ತೈತಿ," ಎಂದರು ಶಿವಪುತ್ರಪ್ಪ. ಕೈ ಇಳಿಸಲಿಲ್ಲ.

ರೆಫರಿ ಹುಡುಗನೊಬ್ಬ ಬಂದು ವಿನಯದಿಂದಲೇ ತಲೆಯಾಡಿಸಿ, ಕಾರ್ಡು ತೆಗೆದುಕೊಂಡು ಹೋದ.

ಗಡಿಯಾರ ಮುಗಿಯುತ್ತ ಬಂದಾಗ ಹರಿಣಿಯ ಕಾಲು ಮೇಲೆದ್ದು ಆ ಹುಡುಗಿಯ ಶಿರಸ್ತ್ರಾಣವನ್ನು ಸವರಿತು. ಶಿರಸ್ತ್ರಾಣ ಓರೆಯಾದದ್ದು ಪ್ರೇಕ್ಷಕರ ಬೆಂಚಿನಿಂದ ನನಗೂ ಕಂಡಿತು. ಸದ್ದೇನೂ ಬರಲಿಲ್ಲ. ತೀರ್ಪುಗಾರರಿಗೆ ಎದುರಾಳಿಯ ಬೆನ್ನು ಅಡ್ಡವಾಗಿತ್ತೋ ಏನೋ, ಯಾರೂ ಗುಂಡಿ ಒತ್ತಲಿಲ್ಲ. ಹರಿಣಿ ತಟ್ಟನೆ ಮಾಸ್ತರರ ಕುರ್ಚಿಯ ಕಡೆ ತಿರುಗಿ, ತನ್ನ ತಲೆ ಮುಟ್ಟಿ ತೋರಿಸಿ, "ಸರ್, ಕಾರ್ಡ್! ಸರ್!" ಎಂದು ಕಿರುಚಿದಳು. ಮಾಸ್ತರರ ಕೈ ತಾನಾಗಿ ಕೋಟಿನ ಜೇಬಿಗೆ ಹೋಯಿತು, ಅಲ್ಲೇ ನಿಂತಿತು. ಜೇಬಿನೊಳಗೆ ಆ ಕೈ ಮುಷ್ಟಿಯಾದದ್ದು ಬಟ್ಟೆಯ ಮೇಲಿಂದಲೇ ಕಾಣುತ್ತಿತ್ತು.

ಸೋತಳು. ತಲೆಗೆ ಸಿಗಬೇಕಿದ್ದ ಅಂಕ ಸಿಕ್ಕಿದ್ದರೆ ಗೆಲ್ಲುತ್ತಿದ್ದಳು.

ಹೊರಗೆ ಮೆಟ್ಟಿಲ ಮೇಲೆ ಕಾಲುಚೀಲ ಕಿತ್ತೆಸೆಯುತ್ತಿದ್ದ ಹರಿಣಿಯ ಮುಂದೆ ಮಾಸ್ತರರು ಬಂದು ನಿಂತಾಗ ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ಒಳ್ಳೆಯದಿತ್ತು.

"ಆವಾಜ್ ತೋ ಆಯಾ ನಾ, ಸರ್?" ಎಂದಳು. "ಬಸ್. ಆಪ್ ಖುಶ್ ರಹೋ." ಆಮೇಲೆ ನನ್ನ ಕಡೆ ತಿರುಗಿ, ತೊದಲುವ ಕನ್ನಡದಲ್ಲಿ, "ಅಜ್ಜಿ, ಚಲೋ. ಇಲ್ಲಿ ನಂಗೆ ನಿಲ್ಲಲಿಕ್ಕೆ ಬೇಡ," ಎಂದು ರಿಕ್ಷಾದ ಕಡೆ ನಡೆದುಬಿಟ್ಟಳು.

ನಾನು ಹಿಂದೆ ಉಳಿದೆ. ಕೇಳದೆ ಹೋಗಲು ಆಗಲಿಲ್ಲ. "ಗೊತ್ತಿದ್ದೂ ಗೊತ್ತಿದ್ದೂ ಯಾಕೆ ಎತ್ತಿದ್ದು ನೀವು ಮಾಸ್ಟ್ರೇ? ಆ ಅನಿಲನೇ ಬೇಡ ಬೇಡ ಅಂತ ಹೇಳ್ತಾ ಇದ್ದ ಅಲ್ವಾ ಮಾರಾಯ್ರೆ?"

ಅವರು ಕೋಟಿನ ಗುಂಡಿಯನ್ನು ತಿರುವಿದರು. "ಇಡೀ ಹಾಲ್ ಕೇಳೇತ್ರಿ ಅಕ್ಕಾರ," ಎಂದರು. "ಎಲ್ಲಾರೂ ಕೇಳಿ, ಕೇಳಿಲ್ಲಂದಂಗ ಕುಂತ್ರು. ಬಂತು ಅಂತ ಯಾರರೆ ಒಬ್ಬರು ಎದ್ದು ನಿಂದರಬೇಕಿತ್ತು."

"ಅದಕ್ಕೆ ಹುಡುಗಿಯ ಕಾರ್ಡೇ ಆಗಬೇಕಿತ್ತಾ?"

ಮಾಸ್ತರರು ಬೆನ್ನು ತಿರುಗಿಸಿದರು. ಓರೆಯಾಗಿ, ಎಡಭುಜ ಮುಂದೆ ಮಾಡಿ, ಗುಂಪಿನ ಸಂದಿನಲ್ಲಿ ನುಸುಳಿ ಹೋದರು. ಅಷ್ಟು ಜನರಲ್ಲಿ ಆ ಕೆಂಪು ಕೋಟು ಬಹಳ ದೂರದವರೆಗೆ ಕಾಣುತ್ತಿತ್ತು.

ಹರಿಣಿ ಈಗ ವಿಲೆ ಪಾರ್ಲೆಗೆ ಹೋಗುತ್ತಾಳೆ. ಕಾಲೆತ್ತಿ ಕುಂಟುತ್ತಾಳೆ, ಕುಟುಕುತ್ತಾಳೆ, ಗೆಲ್ಲುತ್ತಾಳೆ. ಗಾಜಿನಾಚೆ ಕುಳಿತ ನನಗೆ ಏನೂ ಕೇಳಿಸುವುದಿಲ್ಲ. ಕಿವಿ ಹೋದ ಮೇಲೆ ಸಿನಿಮಾ ನೋಡಿದಂತಾಗುತ್ತದೆ. ಅನಿಲ ಒಳ್ಳೆಯ ಹುಡುಗ, ಬಂದಾಗಲೆಲ್ಲ "ಸರ್ ಹೆಂಗದಾರ್ರಿ?" ಎಂದು ಕೇಳುತ್ತಾನೆ. ಆದರೆ ಅಂಧೇರಿಗೆ ಬಂದು ತಾನೇ ನೋಡುವುದಿಲ್ಲ. ಸಭಾಗೃಹದ ಹಿಂದಿನ ದಾರಿಯಲ್ಲಿ ತರಕಾರಿ ತರಲು ಹೋದಾಗ ಕಿಟಕಿಯಿಂದ ಕಾಣುತ್ತದೆ: ಇನ್ನೂ ಹಾಲುಹಲ್ಲು ಬೀಳದ ಕೆಲವು ಕೂಸುಗಳು, ಒದ್ದರೆ ನೊಣವೂ ಏಳದ ಕಾಲುಗಳು, ಮತ್ತು ಗೋಡೆಗೆ ಮುಖ ಕೊಟ್ಟು ಕಾಯುತ್ತ ನಿಂತ ಒಂದು ಬೆನ್ನು.

ಇಂಥವರನ್ನು ಜನ ಪ್ರಾಮಾಣಿಕರೆಂದು ಹೊಗಳುತ್ತಾರೆ, ಇಲ್ಲವೆ ಕಾಲ ಮೀರಿದವರೆಂದು ಮರುಗುತ್ತಾರೆ. ನನಗೆ ಎರಡೂ ಸಾಕಾಗಿದೆ. ತಾವು ನಂಬಿದ್ದು ನಿಜವೆಂದು ಇವರಿಗೆ ಗೊತ್ತು, ಮತ್ತು ಅದು ನಿಜವೇ. ಆ ಒದೆತದ ಸದ್ದನ್ನು ನಾನೂ ಕೇಳಿದ್ದೇನೆ, ಸತ್ತರೂ ಇಲ್ಲವೆನ್ನಲಾರೆ. ಆದರೆ ಲೋಕ ತಮ್ಮ ಸತ್ಯಕ್ಕೆ ಕಿವುಡಾದಾಗ, ಸಾಕ್ಷಿ ನುಡಿಯಲೇಬೇಕೆಂಬ ಹಟದಲ್ಲಿ, ಕೈಗೆ ಹತ್ತಿರವಿದ್ದುದನ್ನು ಎತ್ತಿ ಹಿಡಿದುಬಿಡುತ್ತಾರೆ; ಅದು ಯಾರದೆಂದು ನೋಡುವುದಿಲ್ಲ. ಹೆಚ್ಚಾಗಿ ಅದು, ಅವರನ್ನು ನಂಬಿ ಕೊನೆಯವರೆಗೂ ಉಳಿದ ಮಗುವಿನದಾಗಿರುತ್ತದೆ.