ಪುಸ್ತಕ ನಂಬಿದ ತಿರುಮಲೇಶರು

ತಿರುಮಲೇಶರು ಖಾಲಿ ವರಾಂಡದಲ್ಲೂ ಬಲಭುಜವನ್ನು ಮುಂದೆ ಮಾಡಿಕೊಂಡು ಓರೆಯಾಗಿ ನಡೆಯುತ್ತಾರೆ. ಬೊರಿವಲಿಯಿಂದ ಚರ್ಚ್‌ಗೇಟಿಗೆ ಆಯುಷ್ಯದ ಅರ್ಧ ಭಾಗ ಲೋಕಲ್ ರೈಲಿನಲ್ಲಿ ಹೋಗಿಬಂದ ದೇಹ ಅದು; ಸಂದಣಿಯನ್ನು ಸೀಳುವ ಆ ಭಂಗಿ, ನಿವೃತ್ತಿಯ ನಂತರ ಸೀಳಲು ಎದುರಿಗೆ ಯಾರೂ ಇಲ್ಲದಿದ್ದರೂ, ಅವರನ್ನು ಬಿಡಲಿಲ್ಲ. ಇದಕ್ಕೆ ಇನ್ನೊಂದು ಕಾರಣವೂ ಇದೆಯೆಂದು ನನ್ನ ಗುಮಾನಿ. ಅವರ ಕಂದು ಕೋಟಿನ ಎಡ ಜೇಬಿನಲ್ಲಿ ಸದಾ ಒಂದು ಪುಸ್ತಕವಿರುತ್ತದೆ. ಅದಕ್ಕೆ ನೋವಾಗಬಾರದೆಂದು ಬಲಭುಜವೇ ಎಲ್ಲ ಪೆಟ್ಟನ್ನೂ ತಿನ್ನುತ್ತಿತ್ತು. ಮುಂಬಯಿಯ ಸೆಕೆಯಲ್ಲಿ ಕೋಟೇಕೆ ಎಂದು ಕೇಳಿದರೆ, ಷರಟಿಗೆ ಅಷ್ಟು ದೊಡ್ಡ ಜೇಬು ಹೊಲಿಯುವ ದರ್ಜಿ ತಮಗೆ ಸಿಕ್ಕಿಲ್ಲ ಎನ್ನುತ್ತಾರೆ.

ನಾವಿಬ್ಬರೂ ಫೋರ್ಟ್ ಬಡಾವಣೆಯ ಒಂದೇ ಬ್ಯಾಂಕಿನಲ್ಲಿ ಎದುರುಬದುರು ಮೇಜಿನವರು. ನಾನು ಉಡುಪಿ ಕಡೆಯವನು, ಅವರು ಮೈಸೂರಿನವರು. ನಾನು ಏನು ಹೇಳಿದರೂ ಅವರು ಕನ್ನಡಕವನ್ನು ಹಣೆಗೇರಿಸಿ, “ಆಧಾರ ಏನು?” ಎಂದು ಕೇಳುವರು. ಆಧಾರವೆಂದರೆ ಅಚ್ಚಾದ ಆಧಾರ. ಹೆಂಡತಿ ಅಲಮೇಲಮ್ಮ ಸಾರಿಗೆ ಬೆಲ್ಲ ಹಾಕಿದ್ದಕ್ಕೆ, ಮದುವೆಯಾದ ಹೊಸತರಲ್ಲಿ, ಪಾಕಪುಸ್ತಕದಲ್ಲಿ ಬೆಲ್ಲದ ಉಲ್ಲೇಖವಿಲ್ಲವೆಂದು ಆಕ್ಷೇಪಿಸಿದವರು. ಆಕ್ಷೇಪಿಸುತ್ತಲೇ ಎರಡು ಸಲ ಬಡಿಸಿಕೊಂಡವರು. ಬೊರಿವಲಿಯ ಕಾಡಿನಲ್ಲಿ ಒಮ್ಮೆ ಮರಗಳ ಪುಸ್ತಕ ಹಿಡಿದು ನನ್ನನ್ನೂ ಎಳೆದುಕೊಂಡು ಅಲೆಯುತ್ತಿದ್ದಾಗ, ಮಾಘದಲ್ಲಿ ಹೂಬಿಡಬೇಕಾದ ಒಂದು ಮರ ಕಾರ್ತಿಕದಲ್ಲೇ ಮೈತುಂಬ ಅರಳಿ ನಿಂತಿತ್ತು. ಪುಟವನ್ನೂ ಮರವನ್ನೂ ಮತ್ತೆಮತ್ತೆ ನೋಡಿ, ಕೊನೆಗೆ ಮರಕ್ಕೇ ಏನೋ ಕಾಯಿಲೆ ಬಡಿದಿದೆಯೆಂದು ತೀರ್ಪು ಕೊಟ್ಟು ಮುಂದೆ ನಡೆದರು.

ಇಂಥವರ ಕೈಗೆ ಯುಕುಲೇಲಿ ಬಂದದ್ದು ಮಗಳು ಸಾಧನಾಳಿಂದ. ಗಿಟಾರಿನ ಮರಿಯಂತಿರುವ ಆ ನಾಲ್ಕು ತಂತಿಯ ವಾದ್ಯವನ್ನು ಅವಳು ಉತ್ಸಾಹದಿಂದ ಕೊಂಡು, ಉತ್ಸಾಹ ಇಳಿದ ಮೇಲೆ ಕಪಾಟಿನ ತಲೆಗೇರಿಸಿದ್ದಳು. ಮುಂಬಯಿಯಲ್ಲೇ ಹುಟ್ಟಿ ಬೆಳೆದ ಹುಡುಗಿ. ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. ತಂದೆಯದೋ ವ್ಯಾಕರಣಶುದ್ಧ ಮೈಸೂರು ಕನ್ನಡ. ಊಟವಾಯಿತೇ, ಲೋಕಲ್ ತಡವೇ ಎಂಬುದರಾಚೆಗೆ ಅವರಿಬ್ಬರ ಮಾತು ಬೆಳೆದದ್ದನ್ನು ನಾನು ಕಂಡಿಲ್ಲ. ವಿಕ್ರಂ ಎಂಬ ಹುಡುಗನೊಂದಿಗೆ ಅವಳ ಮದುವೆ ನಿಶ್ಚಯವಾಗಿ, ಮುಂದಿನ ವರ್ಷ ಪುಣೆಗೆ ಹೋಗುವವಳೆಂದಾದಾಗ, ಯಾವುದೋ ಸಂಜೆ ಅವಳು ಚೇಷ್ಟೆಗೆ, ಅಪ್ಪ ಇದನ್ನು ಕಲಿತರೆ ರಿಸೆಪ್ಷನ್‌ನಲ್ಲಿ ಅಮ್ಮನ ಜೋಗುಳ ಹಾಡುತ್ತೇನೆ, ಅಪ್ಪನೇ ನುಡಿಸಲಿ ಎಂದಳಂತೆ. ಅವಳಿಗೆ ತಡವರಿಸದೆ ಬರುವ ಕನ್ನಡವೆಂದರೆ ಆ ಜೋಗುಳವೊಂದೇ. ಅವಳು ಆಡಿ ಮರೆತಳು. ಇವರು ಅದನ್ನು ಕರಾರುಪತ್ರದಂತೆ ಹಿಡಿದುಕೊಂಡರು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಮಗಳೂ ತಾವೂ ಸೇರಿ ಒಂದು ಕೆಲಸವನ್ನೂ ಮಾಡಿಲ್ಲ, ಅವಳು ಹೊರಡುವ ಮೊದಲು ಇದೊಂದಾದರೂ ಆಗಬೇಕು ಎಂದು ನನ್ನೆದುರು ಹೇಳಿದರು.

ಗುರುಗಳು ಬೇಡ, ಮೊಬೈಲಿನ ವಿಡಿಯೋ ಬೇಡವೇ ಬೇಡ, ಪುಸ್ತಕ ಬೇಕು. ಹಳೆಯ ಕಾಲದ ಹಾಗೆ ನಾವಿಬ್ಬರೂ ಫೋರ್ಟಿಗೆ ಹೋದೆವು. ಬ್ಯಾಂಕಿದ್ದ ಕಟ್ಟಡದಲ್ಲಿ ಈಗ ಯಾವುದೋ ಕಾಫಿ ಅಂಗಡಿ. ನಾವು ಇಡ್ಲಿ ತಿನ್ನುತ್ತಿದ್ದ ಹೊಟೇಲಿನಲ್ಲಿ ಮಾತ್ರ ಸಾಂಬಾರಿನ ಅದೇ ಪರಿಮಳ. ಫುಟ್‌ಪಾತಿನ ಹಳೆ ಪುಸ್ತಕದವನ ಮುಂದೆ ತಿರುಮಲೇಶರು ಮಂಡಿಯೂರಿ ಕುಳಿತು, ಮನೆಗೆ ಹೆಣ್ಣು ತರುವವರ ಗಾಂಭೀರ್ಯದಿಂದ ಯುಕುಲೇಲಿಯ ಕಾರ್ಡ್ ಪುಸ್ತಕಗಳನ್ನು ಪರೀಕ್ಷಿಸಿದರು. ಹಲವು ಸ್ವರ ಒಟ್ಟಿಗೆ ಮೀಟುವುದಕ್ಕೆ ಕಾರ್ಡ್ ಎಂದು ಹೆಸರು. ನಾಲ್ಕು ಗೆರೆಯ ಚೌಕದೊಳಗೆ ಕಪ್ಪು ಚುಕ್ಕೆ ಬಿದ್ದಲ್ಲಿ ಬೆರಳು ಒತ್ತಬೇಕು. ಒಂದು ಪುಸ್ತಕದಲ್ಲಿ ಸಾವಿರಗಟ್ಟಲೆ ಕಾರ್ಡುಗಳು; ಇಷ್ಟನ್ನು ಯಾವ ಜನ್ಮದಲ್ಲಿ ನುಡಿಸುವುದೆಂದು ಅದನ್ನು ಬಿಟ್ಟರು. ಇನ್ನೊಂದರ ಚುಕ್ಕೆ ಸಾಸಿವೆಯಷ್ಟು ಸಣ್ಣದು. ಮತ್ತೊಂದು, ಕೈ ತೆಗೆದ ಕೂಡಲೇ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಎರಡು ಕೈಯೂ ವಾದ್ಯದ ಮೇಲಿರುವಾಗ ಪುಟ ಹಿಡಿಯುವವರು ಯಾರು? ಕೊನೆಗೆ ಸಿಕ್ಕಿತು ಸುರುಳಿತಂತಿಯ ಹೊಲಿಗೆಯ ಒಂದು ಪುಸ್ತಕ: ತೊಡೆಯ ಮೇಲಿಟ್ಟರೆ ಚಾಪೆಯಂತೆ ಹಾಸಿಕೊಂಡು ಬೀಳುತ್ತದೆ, ಚುಕ್ಕೆಗಳು ಕಡಲೆಕಾಳಿನಷ್ಟು ಢಾಳು, ಕಾರ್ಡುಗಳು ಅಕಾರಾದಿಯಲ್ಲಿ. ಹೊದಿಕೆಯೂ ಮೊದಲ ಕೆಲವು ಹಾಳೆಗಳೂ ಹರಿದುಹೋಗಿದ್ದವು. ನಾನು ಅದನ್ನು ತೋರಿಸಿದರೆ, ಮುನ್ನುಡಿ ಇಲ್ಲದಿರುವುದೇ ಒಳ್ಳೆಯದಾಯಿತು, ನೇರ ವಿಷಯಕ್ಕೆ ಬರುತ್ತದೆ ಎಂದು ಕೋಟಿನ ಜೇಬಿಗೆ ಸೇರಿಸಿದರು.

ಆಮೇಲಿನ ತಿಂಗಳುಗಳು ಸಾಧನೆಯ ಕಾಲ. ಬೆಳಿಗ್ಗೆ ಮಗಳು ಆಫೀಸಿಗೆ ಹೊರಟ ಮೇಲೆ ಬಾಲ್ಕನಿಯ ಕುರ್ಚಿ, ತೊಡೆಯ ಮೇಲೆ ಪುಸ್ತಕ, ಎದೆಗೆ ಯುಕುಲೇಲಿ. ವಾದ್ಯದ ತುದಿಗೆ ಕಚ್ಚಿಸುವ ಪುಟ್ಟ ಯಂತ್ರವೊಂದು ಹಸಿರು ತೋರಿದರೆ ಶ್ರುತಿ ಸರಿ. ಸಾಧನಾಳ ಗೆಳೆಯ, ಗಿಟಾರ್ ನುಡಿಸುವ ಸೃಜನ್, ಜೋಗುಳಕ್ಕೆ ಜಿ, ಸಿ, ಡಿ ಎಂಬ ಮೂರು ಕಾರ್ಡ್ ಸಾಕೆಂದು ಫೋನಿನಲ್ಲಿ ಹೇಳಿದ್ದ. ಇವರು ಪುಸ್ತಕದಲ್ಲಿ ಜಿ ತೆಗೆದು, ಚುಕ್ಕೆ ನೋಡಿ, ಬೆರಳಿಟ್ಟು ಮೀಟುವರು; ಅಡುಗೆಮನೆಯಿಂದ ಅಲಮೇಲಮ್ಮ ಜೋಗುಳ ಎತ್ತಿಕೊಳ್ಳುವರು. ನಾನು ಹೋದಾಗಲೆಲ್ಲ ಆ ಹಾಡುಗಾರಿಕೆ ಕೇಳಿದ್ದೇನೆ. ಆಕೆಯ ದನಿ ಮೇಲಿನ ಸ್ವರಗಳಲ್ಲಿ ಚೂರು ಕೀರಲಾಗುತ್ತಿತ್ತು, ವಯಸ್ಸೆಂದುಕೊಂಡು ಸುಮ್ಮನಿದ್ದೆ. ಪಾಠ ಪೂರ್ತಿಯಾಗುವ ತನಕ ಮಗಳೆದುರು ನುಡಿಸುವುದಿಲ್ಲವೆಂಬುದು ತಿರುಮಲೇಶರ ಹಟ.

ರಿಸೆಪ್ಷನ್ನಿಗೆ ವಾರವಿರುವಾಗ ಎಲ್ಲರೂ ಕೂಡಿದ್ದು ಜೋಗೇಶ್ವರಿಯಲ್ಲಿ, ಸಣ್ಣ ಕಾರ್ಖಾನೆಗಳ ಸಾಲಿನ ಒಂದು ಗಾಲಾದಲ್ಲಿ, ಅಂದರೆ ಬಾಡಿಗೆ ಮಳಿಗೆಯಲ್ಲಿ. ಪಕ್ಕದ ಲೇತ್ ಯಂತ್ರ ನಿಂತ ಮೇಲೆ ಹುಡುಗರು ಅಲ್ಲಿ ಹಾಡಿ ನುಡಿಸುವುದು ರೂಢಿ. ಸೃಜನ್ ಗಿಟಾರ್ ಮೀಟಿದ, ಸಾಧನಾ ಹಾಡು ಎತ್ತಿದಳು, ತಿರುಮಲೇಶರು ಪುಟ ನೋಡಿ ಜಿ ಹಿಡಿದರು. ಒಂದರ ಮೇಲೊಂದು ಬಿದ್ದಂತಾಯಿತು ಸ್ವರ. ಮತ್ತೆ ತೊಡಗಿದರು, ಮತ್ತೆ ಅದೇ ಗಲಭೆ. ಸೃಜನ್ ಹತ್ತಿರ ಬಂದು ಪುಸ್ತಕದ ಒಂದೆರಡು ಪುಟ ತಿರುವಿ, ಬಹಳ ಸಂಕೋಚದಿಂದ ಹೇಳಿದ: “ಅಂಕಲ್, ಬುಕ್ ಸಹೀ ಹೈ. ಲೇಕಿನ್ ಇದು ಬ್ಯಾರಿಟೋನ್‌ದು, ಬಡಾವಾಲಾ. ನಿಮ್ದು ಛೋಟಾ.”

ಯುಕುಲೇಲಿಗಳಲ್ಲಿ ಬ್ಯಾರಿಟೋನ್ ಎಂಬ ಹಿರಿಯಣ್ಣನೊಬ್ಬನಿದ್ದಾನೆ. ಅವನಿಗೂ ನಾಲ್ಕೇ ತಂತಿ, ಆದರೆ ಶ್ರುತಿ ತಗ್ಗು. ಅವನ ಪುಸ್ತಕ ನೋಡಿ ತಮ್ಮನ ಮೇಲೆ ಬೆರಳಿಟ್ಟರೆ ಬರುವ ಕಾರ್ಡೂ ಇಂಪಾಗಿಯೇ ಇರುತ್ತದೆ. ಬರೆದದ್ದು ಒಂದು, ಕೇಳುವುದು ಇನ್ನೊಂದು, ಅಷ್ಟೆ. ಬೇರೆ ಮನೆಯಾಗಿದ್ದರೆ ಮೊದಲ ವಾರವೇ ತಿಳಿಯುತ್ತಿತ್ತೋ ಏನೋ. ಷಡ್ಜವನ್ನು ಹಾಡುವವರ ಅನುಕೂಲಕ್ಕೆ ಎಲ್ಲಿ ಬೇಕಾದರೂ ಕೂರಿಸುವ ನಮ್ಮ ಸಂಗೀತದ ಮನೆಯಲ್ಲಿ ತಿಳಿಯಲಿಲ್ಲ. ತಿರುಮಲೇಶರು ಹೆಂಡತಿಯ ಕಡೆ ತಿರುಗಿ, ನಿನಗೂ ಗೊತ್ತಾಗಲಿಲ್ಲವೇ ಎಂದರು.

“ಎತ್ತರ ಆಗ್ತಿತ್ತು,” ಎಂದರು ಅಲಮೇಲಮ್ಮ. “ನೀವು ಹಿಡಿದಿದ್ದಕ್ಕೆ ನಾನು ಸೇರ್ಕೊಂಡೆ. ಮನೇಲಿ ನಾವಿಬ್ರೇ ತಾನೆ.”

ಆ ಎತ್ತರಕ್ಕೆ ಸಾಧನಾಳ ಕಂಠ ಏರಲಿಲ್ಲ. ಬೇರೆ ಚುಕ್ಕೆ ಕಲಿಯಲು ಇವರ ಬೆರಳು ಒಂದು ವಾರದಲ್ಲಿ ಬಗ್ಗುವಂತಿರಲಿಲ್ಲ. ಅವಳು ತಂದೆಯ ಪಕ್ಕ ಕುಳಿತು, ತನಗೆ ಬಂದಷ್ಟು ಕನ್ನಡದಲ್ಲಿ ಮೆತ್ತಗೆ ಹೇಳಿದಳು: “ಅಪ್ಪಾ, ನೀನು ಸುಮ್ನೆ ಹಿಡ್ಕೊಂಡು ಕೂತ್ಕೊ. ಸೃಜನ್ ಬಜಾ ಲೇಗಾ. ಫೋಟೋದಲ್ಲಿ ಗೊತ್ತಾಗಲ್ಲ.” ತಿರುಮಲೇಶರು ತಲೆಯಾಡಿಸಿದರು. ಆ ತಲೆಯಾಡಿಸುವಿಕೆಯನ್ನು ನನಗೆ ನೋಡಲಾಗಲಿಲ್ಲ. ಬೊರಿವಲಿಗೆ ಮರಳುವಾಗ ಖಾಲಿಯಿದ್ದ ಸೀಟಿನಲ್ಲೂ ಅವರು ಕೂರಲಿಲ್ಲ, ಬಾಗಿಲ ಬಳಿ ನಿಂತೇ ಬಂದರು.

ಮರುದಿನ ಬೆಳಿಗ್ಗೆ ಕೋಟು ಹಾಕಿಕೊಂಡು ನನ್ನ ಬಾಗಿಲು ಬಡಿದರು. “ನೋಡಿ ಆಚಾರ್ರೇ, ಪುಸ್ತಕ ತಪ್ಪಿಲ್ಲ. ವಾದ್ಯ ತಪ್ಪು. ಬನ್ನಿ, ಪುಸ್ತಕಕ್ಕೆ ಸರಿಯಾದ ವಾದ್ಯ ತರೋಣ.” ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ನನ್ನ ನಾಲಗೆಯ ತುದಿಗೆ ಬಂದಿತ್ತು. ಆದರೆ ಯೋಚಿಸಿದಷ್ಟೂ ಈ ಸಲ ನೆಲ ನಿಜಕ್ಕೂ ಡೊಂಕೇ ಎನಿಸಿತು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಈ ಮನುಷ್ಯ, ಮೂರು ಕಾಲಿನ ಮೊಲವನ್ನೇ ಹುಡುಕಿ ತರಲು ಹೊರಟಿದ್ದರು. ಅಂಗಡಿಯಿಂದ ಅಂಗಡಿಗೆ ಅಲೆದು, ಅಂತೂ ಒಂದು ಬ್ಯಾರಿಟೋನ್ ಸಿಕ್ಕಿತು. ಮೀಟಿದರೆ ತಗ್ಗಿನ, ತುಂಬಿದ ನಾದ. ಅದೇ ಪುಟ, ಅದೇ ಚುಕ್ಕೆ, ಅದೇ ಬೆರಳು.

ರಿಸೆಪ್ಷನ್ ಹಾಲಿನಲ್ಲಿ ಊಟದ ತಟ್ಟೆಗಳ ಸದ್ದಿನ ನಡುವೆ ಅವರು ಪುಸ್ತಕವನ್ನು ತೊಡೆಯ ಮೇಲೆ ಹಾಸಿಕೊಂಡು ಕುಳಿತರು. ಗಿಟಾರು ಜೊತೆಗೂಡಿತು, ಸ್ವರ ಕಲೆತವು, ಸಾಧನಾ ಹಾಡಿದಳು. ಎರಡನೆಯ ನುಡಿಗೆ, ವೇದಿಕೆಯ ಮೆಟ್ಟಿಲ ಬಳಿ ಅತಿಥಿಗಳಿಗೆ ಕೈಮುಗಿಯುತ್ತಿದ್ದ ಅಲಮೇಲಮ್ಮ ತಮಗೇ ಅರಿವಿಲ್ಲದೆ ದನಿ ಸೇರಿಸಿದರು. ಕೀರಲಿಲ್ಲ, ಏದುಸಿರಿಲ್ಲ, ಆಕೆಯ ಸ್ವಂತ ಸ್ವರ, ಜೇನಿನಂತೆ ದಟ್ಟವಾಗಿ ಬಂತು. ತಿರುಮಲೇಶರು ಪುಸ್ತಕದಿಂದ ತಲೆಯೆತ್ತಿ ಹೆಂಡತಿಯನ್ನು ನೋಡಿದರು. ನೋಡುತ್ತ ಕಾರ್ಡ್ ತಪ್ಪಿದರು. ಸಾಧನಾ ಮುಂದೆ ಹೋಗಲಿಲ್ಲ. ಹಾಡುತ್ತಿದ್ದ ಅಕ್ಷರವನ್ನೇ ಎಳೆದು, ಇನ್ನೂ ಎಳೆದು, ಅಪ್ಪ ಪುಟಕ್ಕೆ ಮರಳಿ ಚುಕ್ಕೆ ಹುಡುಕಿ ಬೆರಳಿಡುವ ತನಕ ಕಾದಳು.

ಇಂಥವರನ್ನು ಪುಸ್ತಕದ ಹುಳು ಎಂದು ನಾವು ನಗುತ್ತೇವೆ. ಆದರೆ ಹರೆಯದಲ್ಲಿ ಒಂಟಿಯಾಗಿ ಈ ಶಹರಕ್ಕೆ ಬಂದಿಳಿದವರಿಗೆ, ಕೂಸಿಗೆ ಎಣ್ಣೆ ಹಚ್ಚುವುದು ಹೇಗೆಂದು ಕೇಳಲು ಅಜ್ಜಿಯಿರಲಿಲ್ಲ, ಜ್ವರಕ್ಕೆ ಕಷಾಯ ಯಾವುದೆಂದು ಹೇಳಲು ಪಕ್ಕದ ಮನೆಯ ಹಿರಿಯರಿರಲಿಲ್ಲ; ಅವರು ಅಚ್ಚಾದ ಅಕ್ಷರವನ್ನೇ ಹಿರಿಯರೆಂದು ನಂಬಿ ಕೇಳಿದರು, ನಂಬಿದ ಮೇಲೆ ಹಿರಿಯರ ಮಾತು ಮೀರಲಿಲ್ಲ. ಅವರ ಹಟ ಅಹಂಕಾರವಲ್ಲ, ಒಂದು ಬಗೆಯ ತಬ್ಬಲಿತನ. ತಮ್ಮ ಬಾಳು ಅಪಸ್ವರವಿಲ್ಲದೆ ಸಾಗಿದ್ದು ಪುಸ್ತಕ ಸರಿಯಿದ್ದುದರಿಂದಲೇ ಎಂದು ಅವರು ಕೊನೆಯವರೆಗೂ ಎಣಿಸುತ್ತಾರೆ. ಪಕ್ಕದಲ್ಲೇ ಯಾರೋ ತಮ್ಮ ಕಂಠವನ್ನು ಏರಿಸಿಯೋ ಇಳಿಸಿಯೋ ಅವರಿಗೆ ಸೇರಿಕೊಂಡಿದ್ದರೆಂಬುದು ತಿಳಿಯುವ ಭಾಗ್ಯ ಎಲ್ಲರಿಗೂ ಇರುವುದಿಲ್ಲ.